ನಿಮ್ಮ ಕಂಪ್ಯೂಟರ್‌ನ್ಯಾಗ ನಾನು ಅದೀನಂತ್ರಿ

೨೦೦೮ರಲ್ಲಿ ನಾನು ಹೊಸಪೇಟೆಯ ಒಂದು ಟ್ರಾವೆಲ್ ಏಜೆನ್ಸಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೆ. ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ ‘ವೆಬ್ ಅಡ್ಮಿನಿಸ್ಟ್ರೇಟರ್’ ಎಂದು ಅಚ್ಚಾಗಿತ್ತು. ನಮ್ಮ ಓಣಿಯವರ ಬಾಯಲ್ಲಿ ಮಾತ್ರ ನಾನು ಕಂಪ್ಯೂಟರ್ ರಿಪೇರಿಯವ. ಹಂಪಿಗೆ ಬರುವವರಿಗೆ ಬಸ್ಸು, ರೂಮು, ಊಟದ ಮಾಹಿತಿ ಕೊಡುವುದು ಸೈಟಿನ ಕೆಲಸ. ಅದರೊಳಗೆ ಫೋರಂ ಎಂಬ ಒಂದು ಭಾಗವಿತ್ತು. ಫೋರಂ ಎಂದರೆ ಊರ ಕಟ್ಟೆ ಇದ್ದ ಹಾಗೆ, ಯಾರು ಬೇಕಾದರೂ ಬಂದು ತಮಗೆ ಅನಿಸಿದ್ದನ್ನು ಬರೆಯಬಹುದು. ಯಾವ ಲಾಡ್ಜಿನಲ್ಲಿ ತಿಗಣೆ, ಯಾವ ಗೈಡು ಮೋಸಗಾರ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಬರೆದದ್ದನ್ನು ಅಳಿಸಬಾರದು ಎನ್ನುವುದು ನನ್ನ ಹಟ. ಹೊಗಳಿಕೆ ಉಳಿದು ಬೈಗುಳ ಮಾಯವಾದರೆ ಅದು ಫೋರಂ ಅಲ್ಲ, ಲಗ್ನಪತ್ರಿಕೆ ಎಂದು ಎಲ್ಲರ ಜೊತೆ ವಾದಕ್ಕಿಳಿಯುತ್ತಿದ್ದೆ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಲಾರಿಗಳು ಇಳಿಯುತ್ತಲೇ ಇದ್ದವು. ಹೊಸಪೇಟೆಯ ಲಾಡ್ಜುಗಳಲ್ಲಿ ಪ್ರವಾಸಿಗರಿಗಿಂತ ಅದಿರು ಕೊಳ್ಳುವವರು, ಗುತ್ತಿಗೆದಾರರೇ ಹೆಚ್ಚು. ಹಂಪಿಯ ಒಂದು ಕಲ್ಲನ್ನೂ ನೋಡದ ಈ ಗಂಡಸರು ನಮ್ಮ ಕಟ್ಟೆಗೂ ಬಂದು ಕೂತರು. ‘ಎಸ್ಕಾರ್ಟ್’ ಎಂಬ ಸಭ್ಯ ಹೆಸರಿನಲ್ಲಿ ದುಡ್ಡು ಕೊಟ್ಟು ಕರೆಸಿಕೊಂಡ ಹೆಂಗಸರ ಬಗ್ಗೆ, ಹೋಟೆಲಿನ ದೋಸೆಯ ಬಗ್ಗೆ ಬರೆಯುವ ಹಾಗೆ, ರಿವ್ಯೂ ಬರೆದು ನಕ್ಷತ್ರ ಹಾಕತೊಡಗಿದರು. ನಮಗೆ ಗೊತ್ತಾದ ಮೇಲೆ ಅಂಥವನ್ನು ಹೊಸದಾಗಿ ಬರೆಯಲು ಬಿಡಲಿಲ್ಲ. ಹಳೆಯವು ಹಿಂದಿನ ಪುಟಗಳಲ್ಲಿ ಹಾಗೇ ಉಳಿದವು. ಹಳೇ ಪುಟ ಯಾರು ತಿರುವಿ ನೋಡುತ್ತಾರೆ ಎಂಬ ಧೈರ್ಯ ನಮ್ಮದು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಆಫೀಸಿಗೆ ಬಂದರು. ಕೂರಲು ಹೇಳಿದರೂ ಕೂರಲಿಲ್ಲ.

“ನಿಮ್ಮ ಕಂಪ್ಯೂಟರ್‌ನ್ಯಾಗ ನಾನು ಅದೀನಂತ್ರಿ. ತೆಗೀರಿ,” ಎಂದರು.

ಅವರನ್ನು ಹುಲಿಗೆಮ್ಮ ಎನ್ನೋಣ; ನಿಜವಾದ ಹೆಸರು ಬೇಡ. ಚೋರನೂರಿನ ಕಡೆಯವರು. ಕೆಲವು ವರ್ಷ ಹೊಸಪೇಟೆಯಲ್ಲಿ ಆ ಕೆಲಸ ಮಾಡಿ, ಬಿಟ್ಟು, ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಹತ್ತಿರ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟಿದ್ದರು. ಕೆಲಸ ಬಿಟ್ಟರೂ ಗಂಡಸರ ಫೋನು ಬಿಟ್ಟಿರಲಿಲ್ಲ. ಒಬ್ಬನಿಗೆ ಬಾಯಿಗೆ ಬಂದಂತೆ ಬೈದಾಗ, ‘ನೆಟ್‌ನಲ್ಲಿ ನಿನ್ನ ನಂಬರ್ ಇದೆಯಲ್ಲ’ ಎಂದು ಅವನೇ ನಮ್ಮ ಸೈಟಿನ ಹೆಸರು ಹೇಳಿದ್ದನಂತೆ.

ಹುಡುಕಿದೆ, ಸಿಕ್ಕಿತು. ಹೆಸರು, ಊರು, ಮೊಬೈಲ್ ನಂಬರು, ಒಂದನ್ನೂ ಬಿಟ್ಟಿರಲಿಲ್ಲ ಬರೆದ ಪುಣ್ಯಾತ್ಮ. ಇಂಗ್ಲಿಷಿನಲ್ಲಿದ್ದುದರಿಂದ ಏನು ಬರೆದಿದೆ ಎಂದು ಹುಲಿಗೆಮ್ಮ ಕೇಳಿದರು. ನಾನು ತಡವರಿಸಿದೆ.

“ಓದ್ರಿ ಸಾರ್. ನನ್ನ ಬಗ್ಗೇನ ಐತಲ್ಲ.”

ಓದಿ ಕನ್ನಡದಲ್ಲಿ ಹೇಳಿದೆ. ಹೇಳಿದ ಹೊತ್ತಿಗೆ ಬಂದಳು, ಮಾತು ಕಡಿಮೆ, ಸುಮ್ಮನೆ ಕೆಮ್ಮುತ್ತಿದ್ದಳು, ಮತ್ತೆ ಕರೆಯುವುದಿಲ್ಲ. ಐದಕ್ಕೆ ಎರಡು ನಕ್ಷತ್ರ.

“ಅವತ್ತು ಜ್ವರ ಬಂದಿತ್ರಿ,” ಎಂದರು.

ಆದರೂ ಹಟ ಎನ್ನುವುದು ಅಷ್ಟು ಬೇಗ ಇಳಿಯುವುದಿಲ್ಲ ನೋಡಿ. ಸೈಟು ಮುಟ್ಟದೆ ಕೆಲಸ ಮುಗಿಯುವ ದಾರಿ ಹುಡುಕಿದೆ. ಸಿಮ್ ಬದಲಾಯಿಸಿದರೆ ಕಾಟ ತಪ್ಪುತ್ತದಲ್ಲ ಎಂದೆ.

“ಅದೊಂದ್ ಹೇಳಬ್ಯಾಡ್ರಿ,” ಎಂದು ಆಗ ಕುರ್ಚಿಯಲ್ಲಿ ಕೂತರು.

ಅವರಿಗೆ ಒಬ್ಬಳೇ ತಂಗಿ. ಅವ್ವ ಅಪ್ಪ ಇಲ್ಲದ ಮೇಲೆ ಸಾಕಿ, ಬಳ್ಳಾರಿಯ ಹಾಸ್ಟೆಲಿನಲ್ಲಿಟ್ಟು ಕಾಲೇಜು ಓದಿಸಿದ್ದರು. ಅಕ್ಕ ಏನು ಕೆಲಸ ಮಾಡುತ್ತಾಳೆಂದು ಯಾರೋ ಆ ಹುಡುಗಿಯ ಕಿವಿಗೆ ಹಾಕಿದರು. ಅವಳು ಅಕ್ಕನಿಗೆ ಒಂದು ಮಾತೂ ಹೇಳದೆ ಹಾಸ್ಟೆಲ್ ಬಿಟ್ಟು ಹೋದಳು. ಎಲ್ಲಿದ್ದಾಳೋ ಯಾರಿಗೂ ತಿಳಿಯದು.

“ಹಾಸ್ಟೆಲಿಗೆ ಬಿಡಾಗ ಈ ನಂಬರ್ ಬಾಯಿಪಾಠ ಮಾಡ್ಸಿದ್ನಿರಿ. ಎಲ್ಲೇ ಇರು, ಇದನ್ನ ಮರೀಬ್ಯಾಡ ಅಂದಿದ್ದೆ. ಆಕಿ ಹತ್ರ ನಂದು ಅಂತ ಇರಾದು ಇದೊಂದ. ಹೆಂಗ ಬದ್ಲಿ ಮಾಡ್ಲಿ?”

ಹಾಗಾಗಿ ಫೋನು ಹೊಡೆದುಕೊಂಡಾಗಲೆಲ್ಲ ಕಡ್ಲಿಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದರು. ಬಟನ್ನುಗಳ ಸಂದಿಯಲ್ಲಿ ಹಿಟ್ಟು ಒಣಗಿ ಕೂತಿದ್ದನ್ನು ನಾನೇ ನೋಡಿದೆ. ಎತ್ತಿದರೆ ಆ ಕಡೆಯಿಂದ ಯಾವನೋ, ಇವತ್ತು ಬರ್ತೀಯಾ ಎನ್ನುತ್ತಿದ್ದ.

ಸೈಟಿನ ಕೊನೆಯ ಮಾತು ಏಜೆನ್ಸಿ ಮಾಲೀಕರಾದ ವಿರೂಪಣ್ಣನವರದು. ಪೂರಾ ತೆಗೆಯೋಣವೇ ಎಂದು ಅವರನ್ನು ಕೇಳಿದೆ. ಅವರು ಕೆಟ್ಟವರಲ್ಲ, ವ್ಯಾಪಾರಸ್ಥರು. “ನೋಡಪಾ, ಇವತ್ತು ಈಕಿದು ತೆಗದ್ರ ನಾಳೆ ಲಾಡ್ಜಿನವ ಬಂದು ತಿಗಣಿ ಸುದ್ದಿ ತೆಗೀರಿ ಅಂತಾನ. ಅವಂಗೇನ್ ಹೇಳ್ತಿ? ನಂಬರ್ ಅಷ್ಟ ಅಳಿಸು, ಉಳಿದದ್ದು ಇರ್ಲಿ,” ಎಂದರು. ನಿನ್ನೆವರೆಗೆ ನಾನೇ ಅವರಿಗೆ ಒಪ್ಪಿಸಿದ್ದ ಪಾಠ ಅದು. ಈಗ ನನಗೇ ತಿರುಗಿ ಬಂತು.

ಹುಲಿಗೆಮ್ಮ ಅಲ್ಲೇ ಇದ್ದರು. “ತಂಗಿ ಓದಿದಾಕಿ ಅದಾಳ್ರಿ ಅಣ್ಣಾರ. ಎಂದಾದ್ರೂ ಮನಸು ಕರಗಿ ಅಕ್ಕ ಎಲ್ಲದಾಳ ಅಂತ ಇದರಾಗ ನನ್ನ ಹೆಸರು ಹಾಕಿ ಹುಡುಕ್ತಾಳ. ಹುಡುಕಿದ್ರ ನಾನು ಸಿಗಬೇಕ್ರಿ, ಅದು ಸಿಗಬಾರ್ದು.”

ನಾನೂ ಬಾಯಿ ಹಾಕಿದೆ: “ತಿಗಣಿ ಇನ್ನೂ ಆ ಲಾಡ್ಜಿನ್ಯಾಗ ಐತ್ರಿ ಅಣ್ಣ. ಈಕಿ ಅಲ್ಲಿಲ್ಲ.”

ವಿರೂಪಣ್ಣ ನನ್ನನ್ನು ಒಮ್ಮೆ, ಹುಲಿಗೆಮ್ಮನನ್ನು ಒಮ್ಮೆ ನೋಡಿದರು. “ಎಲ್ಲಾ ಹೆಣ್ಮಕ್ಕಳ್ದೂ ತೆಗೆದುಬಿಡು. ಒಬ್ಬರದಷ್ಟ ತೆಗೆದು ಉಳಿದವರದ್ದು ಯಾಕ ಇಡ್ತಿ,” ಎಂದು ಎದ್ದು ಹೋದರು.

ಅಳಿಸುವುದು ಒಂದು ಕ್ಲಿಕ್ಕಿನ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಪುಟ ಹೋದರೂ ಸರ್ಚ್ ಎಂಜಿನ್ ತನ್ನ ಬಳಿ ಒಂದು ನಕಲು ಇಟ್ಟುಕೊಂಡಿರುತ್ತದೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಅದನ್ನು ತೆಗೆಸಲು ಮನವಿ ಕಳಿಸಿ ಕಾಯಬೇಕು. ಬೇರೆ ಎರಡು ಸೈಟುಗಳು ನಮ್ಮದನ್ನೇ ಎತ್ತಿ ಹಾಕಿಕೊಂಡಿದ್ದವು. ಅವರಿಗೆ ವಿನಯದಿಂದ ಬರೆದೆ, ಆಮೇಲೆ ಸಿಟ್ಟಿನಿಂದ ಬರೆದೆ, ಕೊನೆಗೆ ಕಾನೂನಿನ ನಾಲ್ಕು ದೊಡ್ಡ ಪದ ಸೇರಿಸಿ ಬರೆದೆ. ಪದಗಳ ಅರ್ಥ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ತೆಗೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲಿ ಹುಡುಕಿದರೂ ಏನೂ ಬರುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಅಷ್ಟು ಹೆಮ್ಮೆ ಪಟ್ಟ ದಿನ ಇನ್ನೊಂದಿಲ್ಲ.

ಆ ಹೆಮ್ಮೆ ಹೊತ್ತುಕೊಂಡೇ ಕೆಲವು ತಿಂಗಳ ನಂತರ ಕಂಪ್ಲಿಗೆ ಹೋದೆ. ಹುಲಿಗೆಮ್ಮ ಬೆಂಚು ಒರೆಸಿ ಕೂರಿಸಿ, ಬಿಸಿ ಮಿರ್ಚಿ ಮುಂದಿಟ್ಟರು. ಫೋನು ಮಂಡಕ್ಕಿ ಡಬ್ಬಿಯ ಪಕ್ಕದಲ್ಲಿತ್ತು. ಕಾಟ ತಪ್ಪಿತೇ ಎಂದು ಕೇಳಿದೆ.

“ಪೂರಾ ನಿಂತ್ವು ಸಾರ್. ನಿಮ್ಮಿಂದ ಭಾಳ ಉಪಕಾರ ಆತು.” ಬಾಣಲೆಯೊಳಗೆ ಇನ್ನೊಂದು ಮಿರ್ಚಿ ಬಿಟ್ಟು, ನನ್ನ ಕಡೆ ತಿರುಗದೆ ಹೇಳಿದರು: “ಆದ್ರ ಮೊದ್ಲು ಫೋನ್ ಹೊಡ್ಕೊಂಡಾಗೆಲ್ಲ, ಎತ್ತಾ ತನಕ ಆ ಕಡೆ ನನ್ನ ತಂಗೀನ ಇರ್ತಿದ್ಲು.”

ನಾನು ಮಾಡಿದ್ದು ತಪ್ಪಲ್ಲ, ಇಂದಿಗೂ ಅದನ್ನೇ ಮಾಡುತ್ತೇನೆ. ರೂಮಿನ ಬಗ್ಗೆ ಬರೆದದ್ದು ಓದುವವರ ಸ್ವತ್ತು, ಮನುಷ್ಯರ ಬಗ್ಗೆ ಬರೆದದ್ದು ಆ ಮನುಷ್ಯರದು. ತೆಗೆಯಿರಿ ಎಂದರೆ ಯಾಕೆ ಎಂದು ಕೇಳದೆ ತೆಗೆಯಬೇಕು. ಆಮೇಲಿನ ವರ್ಷಗಳಲ್ಲಿ ಕೆಲಸ ಕಲಿಯಲು ಬಂದವರಿಗೆಲ್ಲ ಇದನ್ನೇ ಹೇಳಿಕೊಟ್ಟೆ. ಅಳಿಸುವ ಕೆಲಸ ನಮ್ಮದು. ಅಳಿಸಿದ ಮೇಲೆ ಸಿಗಬೇಕಾದದ್ದು ಸಿಗುವ ಹಾಗೆ ಮಾಡುವ ವಿದ್ಯೆ ನಮ್ಮಲ್ಲಿಲ್ಲ ಎಂದೂ ಹೇಳಿದೆ.

ಹುಲಿಗೆಮ್ಮನ ನಂಬರು ನನಗೆ ಈಗಲೂ ಬಾಯಿಪಾಠ. ಒಂದು ಸಲವೂ ಫೋನ್ ಮಾಡಿಲ್ಲ. ನಮ್ಮ ಮನೆಯ ಮದುವೆಗೆ ಕರೆಯಬೇಕಾದಾಗಲೂ ಕಂಪ್ಲಿ ಬಸ್ಸು ಹತ್ತಿ ಹೋಗಿಯೇ ಕರೆದು ಬಂದೆ.