ಲೈಫ್ ಮುಗ್ದೈತ್ರಿ

ನನ್ನ ಲ್ಯಾಪ್‌ಟಾಪಿಗೆ ಬೇಕಾಗಿದ್ದದ್ದು ಒಂದು ಬ್ಯಾಟರಿ. ಉಪ್ಪಲ್‌ನಿಂದ ಬಸ್ಸಿನಲ್ಲಿ ನಿಂತುಕೊಂಡೇ ಕೋಠಿಯ ಸರ್ವಿಸ್ ಸೆಂಟರಿಗೆ ಹೋದೆ. ನನ್ನ ಹಿಂದಿ ಕೇಳಿದ್ದೇ ಕೌಂಟರಿನವನು ಕನ್ನಡಕ್ಕೆ ಇಳಿದ, ರಾಯಚೂರಿನವನಂತೆ.

‘ಇದರ ಲೈಫ್ ಮುಗ್ದೈತ್ರಿ ಸರ್. ಈ ಮಾಡೆಲ್ಲಿಗೆ ಕಂಪನಿ ಏನೂ ಕಳಸಂಗಿಲ್ಲ.’

ಚಾರ್ಜರ್ ಹಾಕಿ ತೋರಿಸಿದೆ. ಮಷೀನು ಚೆನ್ನಾಗಿಯೇ ನಡೆಯುತ್ತಿತ್ತು.

‘ನಡೀತೈತ್ರಿ. ಆದ್ರ ಕಂಪನಿ ಲೆಕ್ಕದಾಗ ಸತ್ತೈತಿ.’

ನಾನು ದುಡಿದದ್ದು ಸೈನ್ಯಕ್ಕೆ ಉಪಕರಣ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ. ನಾವು ಮಾಡಿದ ಹಳೆಯ ವೈರ್‌ಲೆಸ್ ಸೆಟ್ ಗಡಿಯಲ್ಲೆಲ್ಲೋ ಒಂದೇ ಒಂದು ಉಳಿದಿದ್ದರೂ ಅದರ ಬಿಡಿಭಾಗ ನಮ್ಮ ಸ್ಟೋರಿನಲ್ಲಿ ಇರಲೇಬೇಕಿತ್ತು. ಈ ನಾಚಿಕೆಗೆಟ್ಟವರು ಮಾರಿದ ಮೇಲೆ ಮುಖ ತಿರುಗಿಸುತ್ತಾರೆ.

‘ಹೊಸಾದು ತಗೋರಿ. ಹಿರಿಯ ನಾಗರಿಕರಿಗೆ ರಿಯಾಯಿತಿ ಐತಿ. ವಯಸ್ಸೆಷ್ಟ್ರಿ ನಿಮ್ದು?’

ಚಾರ್ಜರ್ ಕಿತ್ತು ಚೀಲಕ್ಕೆ ಹಾಕಿಕೊಂಡೆ. ವಯಸ್ಸು ಹೇಳಿದರೆ, ನಡೆಯುವ ಮಷೀನಿಗೇ ತಿಥಿ ಮಾಡಿದವರು ನನ್ನನ್ನು ಬಿಟ್ಟಾರೆಯೇ?