ಸೋಸುವಾಗ ಉದುರಿದ ಸಾಲುಗಳು

ಔಷಧಿ ಗೋದಾಮಿನ ಕಂಪ್ಯೂಟರ್ ಕೋಣೆಯಲ್ಲಿ ಕೂರುತ್ತಿದ್ದವಳನ್ನು ನಾವೆಲ್ಲ ಸಂಶಯದಕ್ಕ ಎಂದೇ ಕರೆಯುತ್ತಿದ್ದೆವು. ಮದುವೆಗೆ ಮುಂಚೆ ಗಂಡ ಬರೆದ ಪತ್ರವನ್ನು ಕೈಬರಹ ಗುರುತಿಸಬಲ್ಲ ಮೂವರಿಗೆ ತೋರಿಸಿ, ಆ ಮೂವರನ್ನು ನಾಲ್ಕನೆಯವನಿಂದ ಪರೀಕ್ಷೆ ಮಾಡಿಸಿದಳೆಂದು ಸುದ್ದಿ. ಗಡಿಯಾರ ಹನ್ನೆರಡು ಹೊಡೆದರೆ ಹದಿಮೂರನೆಯದನ್ನು ಯಾರು ಕದ್ದರೆಂದು ಸುತ್ತ ನೋಡುವ ಕಣ್ಣು ಆಕೆಯದು.

ಒಂದು ವಾರ ಶೀತಲ ಕೋಣೆಯ ಔಷಧಿಯೆಲ್ಲ ಬೆಚ್ಚಗಾಗಿ ಕೆಟ್ಟಿತು. ಊಟದ ಹೊತ್ತಿನಲ್ಲಿ ಯಾರೋ ಬಾಗಿಲು ತೆರೆದಿಡುತ್ತಿದ್ದರು. ಆ ಬಾಗಿಲು ಅಲುಗಿದರೂ ಸಾಕು, ಕಂಪ್ಯೂಟರಿನ ಲಾಗ್‌ನಲ್ಲಿ ದಾಖಲೆ ಬೀಳುತ್ತದೆ. ಸಾವಿರಾರು ಸಾಲುಗಳಲ್ಲಿ ‘ಬಾಗಿಲು ತೆರೆದಿದೆ’ ಎಂದಿರುವುದನ್ನಷ್ಟೇ ಸೋಸಲು ಅಕ್ಕ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದಳು. ಏಳು ಸಾಲು ಹಾಳೆಯ ಮೇಲೆ ಅಚ್ಚಾಗಿ ಬಂದವು. ಏಳರಲ್ಲೂ ಕಾವಲುಗಾರನ ಕಾರ್ಡಿನ ನಂಬರು.

“ಸಂಜೆಯೊಳಗೆ ಅವನನ್ನ ಮನೆಗೆ ಕಳಿಸ್ತೀನಿ” ಎಂದರು ಹಾಳೆ ನೋಡಿದ ಮ್ಯಾನೇಜರ್.

ಕಾವಲುಗಾರ ಅಕ್ಕನ ಬಾಗಿಲಲ್ಲಿ ಬಂದು ನಿಂತ. “ಇಪ್ಪತ್ತು ವರ್ಷದ ಕೆಲಸ ಅಕ್ಕ. ಸಾಹೇಬರ ಎದುರು ಬಾಯಿಬಿಟ್ಟು ಹೇಳೋಕಾಗಲ್ಲ. ಅದಕ್ಕೇ ಯಾಕೆ ತೆಗೆದೆ ಅಂತ ಪ್ರತಿ ಸಲ ಬಾಗಿಲ ಹತ್ರದ ಕಾರ್ಡ್ ಯಂತ್ರದಲ್ಲೇ ಗುಂಡಿ ಒತ್ತಿ ಬರೆದಿದ್ದೀನಿ.”

“ಎಲ್ಲಿ? ನನ್ನ ಹಾಳೇಲಿ ಇಲ್ವಲ್ಲ.”

“ನನ್ನ ಮೀಸೆ ಅಂಟಿಸಿದ್ದಾ ಅಂತ ಕೇಳಿದವರು ನೀವು. ನಿಮ್ಮ ಹಾಳೆ ಮೇಲೆ ಮಾತ್ರ ಅನುಮಾನ ಬರಲ್ವಾ?”

ಅಕ್ಕನಿಗೆ ಚುರುಕು ಮುಟ್ಟಿತು. ಲೋಕವನ್ನೆಲ್ಲ ಶಂಕಿಸಿದವಳು ತಾನು ಬರೆದ ಸ್ಕ್ರಿಪ್ಟನ್ನು ಶಂಕಿಸಿರಲಿಲ್ಲ. ಮೂಲ ಲಾಗ್ ತೆರೆದಳು. ಒಂದು ದಾಖಲೆಯೆಂದರೆ ಒಂದು ಸಾಲಲ್ಲ: ಮೊದಲ ಸಾಲಿನಲ್ಲಿ ತಾರೀಖು, ಬಾಗಿಲು, ನಂಬರು; ಕಾರಣವಿದ್ದದ್ದು ಅದರ ಕೆಳಗಿನ ಸಾಲುಗಳಲ್ಲಿ. ಸ್ಕ್ರಿಪ್ಟು ತಲೆ ಇಟ್ಟುಕೊಂಡು ಮುಂಡ ಬಿಸಾಡಿತ್ತು.

ಮತ್ತೆ ಬರೆದಳು. ತಾರೀಖು ಕಂಡಲ್ಲಿ ಹೊಸ ದಾಖಲೆ ಶುರು. ತಾರೀಖಿಲ್ಲದ ಸಾಲು ಮೇಲಿನದಕ್ಕೇ ಸೇರಬೇಕು. ಎಲ್ಲ ಜೋಡಿಸಿದ ಮೇಲೆಯೇ ಸೋಸಬೇಕು. ಈ ಸಲವೂ ಏಳೇ ಬಂದವು, ಆದರೆ ಮೈಕೈ ತುಂಬಿಕೊಂಡು. ಏಳರಲ್ಲೂ ಒಂದೇ ಕಾರಣ: ‘ಮ್ಯಾನೇಜರ್ ಸಾಹೇಬರ ತಪಾಸಣೆ. ಅವರು ಊಟ ಮುಗಿಸಿ ಬರುವವರೆಗೆ ಮುಚ್ಚಬಾರದೆಂದು ಅಪ್ಪಣೆ.’

ಮ್ಯಾನೇಜರ್ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಮೊದಲನೇ ಹಾಳೆನೇ ಚೆನ್ನಾಗಿತ್ತು ಕಣಮ್ಮ.”

“ಅದು ಅರ್ಧ ಸರ್.”

“ಸರಿ ಬಿಡು. ಅವನು ನಾಳೆ ಎಂದಿನ ಹಾಗೆ ಬರಲಿ ಅಂತ ಹೇಳು.”

“ನೀವೇ ಬರೆದುಕೊಡಿ.”

ಬರೆದುಕೊಟ್ಟರು. ಅಕ್ಕ ಚೀಟಿಯನ್ನು ಬೆಳಕಿಗೆ ಹಿಡಿದಳು, ಸಹಿಯನ್ನು ಹಳೆಯ ಕಾಗದವೊಂದರ ಸಹಿಗೆ ಹೋಲಿಸಿದಳು, ಆಮೇಲೆ ಯಾರೂ ಏನೂ ಸೇರಿಸದಂತೆ ಕೆಳಗಿನ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು ಕಾವಲುಗಾರನ ಕೈಗಿಟ್ಟಳು.