ತೆರೆಯದೆ ಹಿಂದಿರುಗಿದ ಲಕೋಟೆ

ವರ್ಲೀನ್ ಸ್ಟಿಡಮ್ ಅವರನ್ನು ನಾನು ಮೊದಲು ಕಂಡದ್ದು ಜಗಳವಾಡಲೆಂದೇ ಹೋದ ದಿನ. ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ, ಗುಡ್ಡಗಳ ನಡುವಿರುವ ನಮ್ಮ ಕೌಂಟಿಯ ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ಹನ್ನೆರಡು ಸೂಕ್ಷ್ಮದರ್ಶಕಗಳು ಬೇಕೆಂದು ಬರೆದು ಕಳುಹಿಸಿದ್ದೆ. ಮೂರನೆಯ ದಿನವೇ ಕಾಗದ ಹಿಂದಕ್ಕೆ ಬಂತು. ಒಂದು ಸಾಲಿನ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆದಿತ್ತು. ಶಾಲಾ ಕಚೇರಿಯ ಖರೀದಿ ವಿಭಾಗಕ್ಕೆ ನೇರವಾಗಿ ನುಗ್ಗಿದೆ.

"ಇದನ್ನ ಯಾಕೆ ಹೊಡೆದು ಹಾಕಿದ್ರಿ?"

"ಕಂಪನಿ ಹೆಸರು ಬರೆದಿದೀರಲ್ಲ, ಅದಕ್ಕೆ. ಕೂತ್ಕೊಳ್ಳಿ ಮಿಸ್ಟರ್ ಹೆನ್ಸ್‌ಲಿ. ನಿಂತ್ಕೊಂಡು ಸಿಟ್ಟು ಮಾಡಿದ್ರೆ ಮಂಡಿ ನೋಯುತ್ತೆ."

"ಅವರ ಮಾಲು ಚೆನ್ನಾಗಿರುತ್ತೆ. ಇಪ್ಪತ್ತು ವರ್ಷದಿಂದ ನೋಡಿದೀನಿ."

"ಇರಬಹುದು. 'ಅದು, ಇಲ್ಲಾಂದ್ರೆ ಅದಕ್ಕೆ ಸಮನಾದದ್ದು' ಅಂತ ಬರೀರಿ. ಒಬ್ಬನ ಹೆಸರೇ ಬರೆದ್ರೆ ಇನ್ನೊಬ್ಬನ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ವಾಷಿಂಗ್ಟನ್ ದುಡ್ಡಲ್ಲಿ ಹಾಗೆ ಮಾಡೋ ಹಾಗಿಲ್ಲ."

"ಈ ಗುಡ್ಡದಲ್ಲಿ ಇನ್ನೊಬ್ಬ ಯಾವನಿದಾನ್ರೀ?"

"ಯಾವನೋ ಒಬ್ಬ ಇರ್ತಾನೆ," ಎಂದರು. ಹೇಳುವಾಗ ಮುಖದಲ್ಲಿ ನಗೆ ಇರಲಿಲ್ಲ.

ಹಾಗೆ ಮುಖಕ್ಕೆ ಬಾಗಿಲು ಹಾಕಿಸಿಕೊಂಡ 'ಯಾವನೋ ಒಬ್ಬ' ಆಕೆಯ ಗಂಡ ಆರಿನ್ ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ಅನಂತರ. ಅಷ್ಟರಲ್ಲಿ ನಾವು ಸ್ನೇಹಿತರಾಗಿದ್ದೆವು. ಒಂದೇ ಚರ್ಚಿಗೆ ಹೋಗುತ್ತಿದ್ದವರು. ಚರ್ಚಿನಲ್ಲಿ ಎಲ್ಲರೂ ಸೇರುವ ಬುಧವಾರದ ಊಟಕ್ಕೆ ನಮ್ಮ ಮೇಜೂ ಒಂದೇ ಆಯಿತು. ಆರಿನ್ ಮೊದಲು ಮರಗೆಲಸದವರು. ಕೌಂಟಿಯ ಶಾಲೆಗಳ ಮೇಜು, ಬೆಂಚು, ಕಪಾಟುಗಳೆಲ್ಲ ಅವರ ಕೈಯಿಂದಲೇ ಬರುತ್ತಿದ್ದವು. ನನ್ನ ತರಗತಿಯಲ್ಲಿದ್ದ ಓಕ್ ಮರದ ಬೆಂಚುಗಳೂ ಅವರವೇ. ಮೂವತ್ತು ವರ್ಷ ಮಕ್ಕಳು ಅವುಗಳ ಮೇಲೆ ಹೆಸರು ಕೆತ್ತಿದರೂ ಒಂದು ಕಾಲೂ ಅಲುಗಾಡಿರಲಿಲ್ಲ.

ಆಮೇಲೆ ಊರಿಗೆ ಲೋವೆಲ್ ಕ್ರೇಕ್ರಾಫ್ಟ್ ಬಂದರು. ಶಾಲಾ ಸಾಮಾನುಗಳ ದೊಡ್ಡ ಅಂಗಡಿ ತೆರೆದರು. ಮಾತಿನಲ್ಲಿ ಸಕ್ಕರೆ, ಕೈಯಲ್ಲಿ ಧಾರಾಳ. ಕಚೇರಿಯಲ್ಲಿ ಟೆಂಡರ್ ಕರೆಯಬೇಕಾದಾಗ ಎಂಥ ಮೇಜು ಬೇಕು, ಎಷ್ಟು ಎತ್ತರ, ಯಾವ ತಗಡು ಎಂದು ವಿವರಪಟ್ಟಿ ಬರೆಯುವುದು ಬೇಸರದ ಕೆಲಸ. ಕ್ರೇಕ್ರಾಫ್ಟ್ ಅದನ್ನು ತಾವೇ ಟೈಪು ಮಾಡಿಸಿ ತಂದುಕೊಡುತ್ತಿದ್ದರು. ನಮ್ಮ ಕಡೆ ಅದನ್ನು ಯಾರೂ ತಪ್ಪೆಂದು ತಿಳಿಯಲಿಲ್ಲ. ನೆರೆಯವನು ಬೇಲಿ ಕಟ್ಟುವಾಗ ಒಂದು ಕಂಬ ಹಿಡಿದು ನಿಲ್ಲುವಂಥ ಉಪಕಾರವೆಂದೇ ಎಲ್ಲರ ಎಣಿಕೆ. ಒಂದು ವರ್ಷದ ಪಟ್ಟಿಯಲ್ಲಿ, ಮೇಜಿನ ಅಂಚಿಗೆ ಇಂಥದೇ ಅಗಲದ ಲೋಹದ ಪಟ್ಟಿ ಇರಬೇಕು, ನಾಲ್ಕು ನಾಲ್ಕು ಅಂಗುಲಕ್ಕೆ ಒಂದು ಮೊಳೆ ಇರಬೇಕು ಎಂದಿತ್ತು. ಅಂಥ ಮೇಜು ಸಿಗುತ್ತಿದ್ದುದು ಕ್ರೇಕ್ರಾಫ್ಟರ ಉಗ್ರಾಣದಲ್ಲಿ ಮಾತ್ರ. ಮರದ ಅಂಚು ಅಷ್ಟೇ ಗಟ್ಟಿಯಾಗಿದ್ದರೆ ಸಾಕೇ ಎಂದು ಆರಿನ್ ಕಚೇರಿಗೆ ಕಾಗದ ಬರೆದು ಕೇಳಿದರು. ಪಟ್ಟಿ ಬರೆದವರೇ ಉತ್ತರಿಸಲೆಂದು ಕಚೇರಿ ಆ ಕಾಗದವನ್ನು ಕ್ರೇಕ್ರಾಫ್ಟರಿಗೆ ಕೊಟ್ಟಿತಂತೆ, ಉತ್ತರ ಬರಲಿಲ್ಲ. ಅವರ ಟೆಂಡರನ್ನು ಮೊದಲ ಪುಟದಲ್ಲಿಯೇ ತಳ್ಳಿಹಾಕಿದರು.

ಅಷ್ಟಕ್ಕೇ ನಿಂತಿದ್ದರೆ ವರ್ಲೀನ್ ಮರೆಯುತ್ತಿದ್ದರೋ ಏನೋ. ಆ ವಾರ ಕ್ಷೌರದಂಗಡಿಯಲ್ಲಿ ಎಂಟು ಜನರ ಮುಂದೆ ಕ್ರೇಕ್ರಾಫ್ಟ್, "ಆರಿನ್ ಕೈಯಲ್ಲಿ ಕೋಳಿಗೂಡು ಚೆನ್ನಾಗಿ ಬರುತ್ತಪ್ಪ, ಅದನ್ನೇ ಮಾಡ್ಕೊಂಡಿರ್ಲಿ," ಎಂದರಂತೆ. ಅರ್ಧ ಕ್ಷೌರವಾಗಿದ್ದ ಆರಿನ್ ಅದೇ ಕುರ್ಚಿಯಲ್ಲಿ ಕೂತಿದ್ದರು. ಚಳಿಗಾಲದ ಹೊತ್ತಿಗೆ ಆರಿನ್ ಅವರ ಕಾರ್ಯಾಗಾರ ಮುಚ್ಚಿತು. ಅವರು ಶಾಲಾ ಬಸ್ಸು ಓಡಿಸಲು ಸೇರಿದರು. ವರ್ಲೀನ್ ಖರೀದಿ ವಿಭಾಗಕ್ಕೆ ಬೆರಳಚ್ಚಿನವರಾಗಿ ಸೇರಿದರು.

"ಬೇಕಂತಲೇ ಅಲ್ಲಿಗೇ ಸೇರಿದ್ರಾ?" ಎಂದು ಕೇಳಿದೆ.

"ಮತ್ತೆ? ಬ್ಯಾಂಕಿನಲ್ಲಿ ಸಂಬಳ ಜಾಸ್ತಿ ಇತ್ತು."

ಸೇರಿದ ದಿನದಿಂದಲೇ ಆಕೆ ಖರೀದಿಯ ನಿಯಮಗಳನ್ನು ಓದಲಾರಂಭಿಸಿದ್ದರು. ಊರಿನ ಹಣಕ್ಕೆ ಒಂದು ರೀತಿ, ರಾಜ್ಯದ ಹಣಕ್ಕೆ ಇನ್ನೊಂದು, ಕೇಂದ್ರದ ಅನುದಾನಕ್ಕೆ ಎಲ್ಲಕ್ಕಿಂತ ಬಿಗಿ. ಚಿಕ್ಕ ಖರೀದಿಯಾದರೆ ನೇರವಾಗಿ ಕೊಳ್ಳಬಹುದು. ಅದಕ್ಕಿಂತ ದೊಡ್ಡದಾದರೆ ಹಲವರ ದರ ಕೇಳಬೇಕು. ಬಹಳ ದೊಡ್ಡದಾದರೆ ಮುಚ್ಚಿದ ಲಕೋಟೆ, ಎಲ್ಲರೆದುರು ತೆರೆಯಬೇಕು. ಮಿತಿಯ ಕೆಳಗಿಳಿಸಲೆಂದು ಒಂದು ಖರೀದಿಯನ್ನು ಎರಡಾಗಿ ಒಡೆಯುವಂತಿಲ್ಲ. ನಾಲ್ಕನೆಯ ಪುಟದಲ್ಲಿ ಇನ್ನೊಂದು ನಿಯಮವಿತ್ತು: ಕೇಂದ್ರದ ಹಣದ ಖರೀದಿಯಲ್ಲಿ ಯಾವ ವ್ಯಾಪಾರಿ ವಿವರಪಟ್ಟಿಯನ್ನು ಬರೆದುಕೊಡುತ್ತಾನೋ ಅವನು ಆ ಟೆಂಡರಿನಲ್ಲಿ ಸ್ಪರ್ಧಿಸುವಂತಿಲ್ಲ. ಆ ಸಾಲನ್ನು ನನಗೆ ತೋರಿಸಿ ವರ್ಲೀನ್ ಪುಸ್ತಕ ಮುಚ್ಚಿದರು.

"ದೊಡ್ಡ ಅನುದಾನ ಒಂದು ಬರಲಿ. ಅವನ ಬಾಗಿಲನ್ನ ಅವನ ಕೈಯಿಂದಲೇ ಹಾಕಿಸ್ತೀನಿ. ಆರಿನ್‌ಗೆ ಹೇಳ್ಬೇಡಿ. ಅವರು ಹೋಗಿ ಅವನಿಗೆ ಹೇಳಿಬಿಡ್ತಾರೆ, ಅಂಥ ಮನುಷ್ಯ."

ಹದಿಮೂರು ವರ್ಷ ಕಾದರು. ಆ ಹೊತ್ತಿಗೆ ಆಕೆಯೇ ವಿಭಾಗದ ಮುಖ್ಯಸ್ಥೆಯಾಗಿದ್ದರು. ಆರು ಶಾಲೆಗಳಲ್ಲಿ ಓದುವ ಕೋಣೆ ಕಟ್ಟಲು ಕೇಂದ್ರದಿಂದ ಅನುದಾನ ಬಂತು. ಮೇಜು, ಕುರ್ಚಿ, ಕಪಾಟು ಎಲ್ಲವೂ ಹೊಸದು. ಕೌಂಟಿಯ ಚರಿತ್ರೆಯಲ್ಲಿಯೇ ಅಷ್ಟು ದೊಡ್ಡ ಟೆಂಡರ್ ಆಗಿರಲಿಲ್ಲ. ಆಯ್ಕೆ ಸಮಿತಿಯಲ್ಲಿ ಶಿಕ್ಷಕರ ಪರವಾಗಿ ನನ್ನನ್ನು ಹಾಕಿದ್ದರು. ಒಂದು ದಿನ ನಾನು ವರ್ಲೀನ್ ಅವರ ಮೇಜಿನ ಬಳಿ ಕೂತಿದ್ದಾಗಲೇ ಕ್ರೇಕ್ರಾಫ್ಟ್ ಬಂದರು.

"ಮಿಸೆಸ್ ಸ್ಟಿಡಮ್, ಪಟ್ಟಿ ನಾನೇ ಬರೆದುಕೊಡ್ಲಾ, ಯಾವಾಗ್ಲೂ ಕೊಡೋ ಹಾಗೆ?"

"ನಾನು ಕೇಳಲ್ಲಪ್ಪ. ನೀವಾಗೇ ಕೊಟ್ರೆ ಬೇಡ ಅನ್ನಲ್ಲ. ಆದ್ರೆ ನಿಮ್ಮ ಅಂಗಡಿ ಕಾಗದದ ಮೇಲೆ ಬರೀರಿ. ಸಹಿ, ತಾರೀಖು ಇರ್ಲಿ. ಯಾರು ಕಷ್ಟಪಟ್ರು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬೇಕಲ್ಲ."

"ಅದೂ ಸರಿ ಅನ್ನಿ," ಎಂದು ಅವರು ಬೀಗಿದರು. ಪ್ರತಿ ವರ್ಷವೂ ವ್ಯಾಪಾರಿಗಳಿಗೆಲ್ಲ ಹಂಚುವ ನಿಯಮಪುಸ್ತಕವನ್ನು ಆಕೆ ಮುಂದಿಟ್ಟರು. ಅದನ್ನು ಪಡೆದು ಓದಿದ್ದೇನೆ ಎಂಬ ಚೀಟಿಗೆ ಕ್ರೇಕ್ರಾಫ್ಟ್ ನಿಂತಲ್ಲೇ ಸಹಿ ಹಾಕಿದರು. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಪಟ್ಟಿ ಬಂತು. ವರ್ಲೀನ್ ಅದನ್ನು ಒಂದಕ್ಷರವೂ ಬದಲಿಸದೆ, ಪ್ರತಿ ಸಾಲಿನ ಕೊನೆಗೆ 'ಇಲ್ಲವೆ ಅದಕ್ಕೆ ಸಮನಾದದ್ದು' ಎಂದು ಮಾತ್ರ ಸೇರಿಸಿ ಪ್ರಕಟಿಸಿದರು.

ಲಕೋಟೆ ತೆರೆಯುವ ಹಿಂದಿನ ದಿನ ನನ್ನ ನೆಮ್ಮದಿ ಕೆಟ್ಟಿತು. ಪೆಟ್ರೋಲ್ ಬಂಕಿನಲ್ಲಿ ಕ್ರೇಕ್ರಾಫ್ಟ್ ಎದುರಾದರು. ನನ್ನ ಮಗಳ ಮದುವೆಗೆ ಕುರ್ಚಿಗಳನ್ನು ಪುಕ್ಕಟೆ ಕೊಟ್ಟಿದ್ದ ಮನುಷ್ಯ. ತಡೆಯಲಾರದೆ ಕೇಳಿದೆ: "ಲೋವೆಲ್, ಆ ನಿಯಮಪುಸ್ತಕ ಓದಿದೀರಾ?"

"ಅದನ್ನ ಓದೋಕೆ ಆ ಕೋಳಿಗೂಡಿನವನ ಹೆಂಡತಿ ಇದಾಳಲ್ಲ," ಎಂದು ನಕ್ಕರು.

ನಾಲ್ಕನೆಯ ಪುಟದ ಮಾತನ್ನು ಎತ್ತದೆ, ಪೆಟ್ರೋಲಿನ ದುಡ್ಡು ಕೊಟ್ಟು ಕಾರು ಹತ್ತಿದೆ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಸಭಾಕೋಣೆಯಲ್ಲಿ ಮೂರು ಲಕೋಟೆಗಳಿದ್ದವು. ಎರಡು ಹೊರಗಿನ ಕಂಪನಿಗಳವು. ಮೂರನೆಯದು ಕ್ರೇಕ್ರಾಫ್ಟರದು, ಅವರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ವರ್ಲೀನ್ ಎರಡನ್ನು ಕತ್ತರಿಸಿ ಗಟ್ಟಿಯಾಗಿ ಓದಿದರು. ಮೂರನೆಯದನ್ನು ಎತ್ತಿಕೊಂಡು ಹೋಗಿ, ಮುಚ್ಚಿದ್ದ ಹಾಗೆಯೇ ಕ್ರೇಕ್ರಾಫ್ಟರ ತೊಡೆಯ ಮೇಲೆ ಇಟ್ಟರು.

"ಇದೇನು?"

"ತೆರೆಯೋ ಹಾಗಿಲ್ಲ. ಪಟ್ಟಿ ಬರೆದವರು ಟೆಂಡರ್ ಹಾಕೋ ಹಾಗಿಲ್ಲ. ನಾಲ್ಕನೇ ಪುಟ."

"ಯಾರು ಹೇಳಿದ್ದು?"

"ಓದಿದೀನಿ ಅಂತ ನೀವೇ ಸಹಿ ಹಾಕಿದೀರಿ. ಹೋದ ವರ್ಷದ್ದು, ಅದರ ಹಿಂದಿನದು, ಎಲ್ಲಾ ಚೀಟಿನೂ ಇಟ್ಟಿದೀನಿ. ನೋಡ್ತೀರಾ?"

ಕ್ರೇಕ್ರಾಫ್ಟ್, ಕೌಂಟಿಯ ಶಾಲೆಗಳ ಮೇಲಧಿಕಾರಿಯಾದ ಸೂಪರಿಂಟೆಂಡೆಂಟರ ಕಡೆ ತಿರುಗಿದರು. ಅವರು ಪುಟವನ್ನು ಎರಡು ಸಲ ಓದಿ, ವಕೀಲರಿಗೆ ಫೋನು ಮಾಡಿ ಬಂದರು. "ಇದನ್ನ ಮೀರಿದ್ರೆ ಅನುದಾನವೇ ವಾಪಸ್ ಹೋಗುತ್ತೆ, ಲೋವೆಲ್. ನನ್ನ ಕೈಯಲ್ಲಿ ಏನಿಲ್ಲ."

"ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ," ಎಂದರು ಕ್ರೇಕ್ರಾಫ್ಟ್. ಆ ದನಿಯನ್ನು ನಾನು ಅವರಲ್ಲಿ ಹಿಂದೆ ಕೇಳಿರಲಿಲ್ಲ.

"ಆರಿನ್ ಕೂಡ ಕೇಳಿದ್ರು. ಕಾಗದ ಬರೆದು ಕೇಳಿದ್ರು. ನೀವು ಉತ್ತರ ಕೊಡ್ಲಿಲ್ಲ."

ಹೊರಗೆ ಮೆಟ್ಟಿಲ ಮೇಲೆ ನಾನು, "ಈಗ ಸಮಾಧಾನವಾಯ್ತಾ?" ಎಂದೆ.

"ಆಗಿದೆ. ಸುಳ್ಳು ಯಾಕೆ ಹೇಳ್ಲಿ, ಬಹಳ ಆಗಿದೆ."

ಆರಿನ್ ಅವರಿಗೆ ಆಗಲಿಲ್ಲ. ಆ ರಾತ್ರಿ ಊಟದ ತಟ್ಟೆಯನ್ನು ಹಾಗೆಯೇ ತಳ್ಳಿ, "ನಾನು ಅವನ ಮೇಲಿನ ಸಿಟ್ಟನ್ನ ಯಾವತ್ತೋ ಬಿಟ್ಟಿದ್ದೆ. ನೀನು ನನ್ನ ಹೆಸರಲ್ಲಿ ಹಿಡ್ಕೊಂಡಿದ್ಯಲ್ಲ," ಎಂದರಂತೆ. "ಹೌದು, ನಿಮ್ಮ ಪಾಲಿಂದೂ ನಾನೇ ಹಿಡ್ಕೊಂಡಿದ್ದೆ," ಎಂದು ಈಕೆ ಉತ್ತರ ಕೊಟ್ಟರಂತೆ. ಸುದ್ದಿ ಪಕ್ಕದ ಕೌಂಟಿಗಳಿಗೂ ಹಬ್ಬಿತು. ಅಲ್ಲಿಯ ಕಚೇರಿಗಳೂ ಕ್ರೇಕ್ರಾಫ್ಟ್ ಬರೆದುಕೊಟ್ಟಿದ್ದ ಹಳೆಯ ಪಟ್ಟಿಗಳನ್ನು ತೆಗೆದು ನೋಡಲಾರಂಭಿಸಿದವು. ಕ್ರೇಕ್ರಾಫ್ಟ್ ಉಗ್ರಾಣ ಮಾರಿದರು. ನಾಲ್ಕು ಜನ ಕೆಲಸ ಕಳೆದುಕೊಂಡರು. ಅವರಲ್ಲೊಬ್ಬರು ಚರ್ಚಿನಲ್ಲಿ ನಮ್ಮ ಮೇಜಿನಿಂದ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ವರ್ಲೀನ್ ಅದನ್ನು ನೋಡಿದರು, ಅಂದು ಕಾಫಿ ಕುಡಿಯಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಾನು ಬಾಯಿ ಬಿಟ್ಟು ಹೇಳಿದ್ದರೆ ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ವರ್ಲೀನ್, ನಾನು ಇಬ್ಬರೂ ನಿವೃತ್ತರು. ಕ್ರೇಕ್ರಾಫ್ಟ್ ಹೊರಗಿನ ಕಂಪನಿಯೊಂದರ ಏಜೆಂಟರಾಗಿ ಊರೂರು ತಿರುಗುತ್ತಾರೆ. ಲಕೋಟೆ ತೆರೆಯುವ ಸಭೆಗೆ ಯಾರು ಬೇಕಾದರೂ ಹೋಗಬಹುದು, ವರ್ಲೀನ್ ಹೋಗುತ್ತಾರೆ. ಮೂರು ಕೌಂಟಿಗಳಲ್ಲಿ ಕ್ರೇಕ್ರಾಫ್ಟ್ ಟೆಂಡರ್ ಹಾಕುವ ಒಂದು ಸಭೆಯನ್ನೂ ಬಿಡುವುದಿಲ್ಲ. ಆರಿನ್ ಜೊತೆಗೆ ಬರಲು ಒಪ್ಪುವುದಿಲ್ಲ, ಕಾರಿನ ಚಕ್ರದ ಗಾಳಿ ಮಾತ್ರ ನೋಡಿ ಕಳುಹಿಸುತ್ತಾರೆ. ಕಳೆದ ಗುರುವಾರ ನಾನೂ ಜೊತೆಗಿದ್ದೆ. ಕ್ರೇಕ್ರಾಫ್ಟ್ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ನಿಯಮಪುಸ್ತಕದ ಪ್ರತಿ ಪುಟವನ್ನೂ ಓದಿ ಆಮೇಲೆ ಸಹಿ ಹಾಕಿದರು. ಮೊದಲ ಸಾಲಿನಲ್ಲಿ ವರ್ಲೀನ್ ಮೊಣಕಾಲ ಮೇಲೆ ಕೈಚೀಲ ಇಟ್ಟುಕೊಂಡು, ಅವರು ಓದಿ ಮುಗಿಸುವ ತನಕ ನೋಡುತ್ತಲೇ ಕೂತಿದ್ದರು.